ಕಪ್ಪು-ಬಿಳುಪು ಫೋಟೊ ನೋಡಿ ಜರ್ಮನ್ ಫೈಟರ್‌ನ ಬಣ್ಣ ಹೇಳುವುದು ಹೇಗೆ?

ವಿಮಾನದ ಮಾಡೆಲ್ ಕಟ್ಟುವವರಲ್ಲಿ ಒಂದು ಚಾಳಿಯಿದೆ. ಕಿಟ್‌ನ ಡಬ್ಬಿ ಬಿಚ್ಚಿದ ಕೂಡಲೇ ಬಣ್ಣದ ಬಾಟಲಿಗೆ ಕೈ ಹಾಕುತ್ತಾರೆ. ಆದರೆ ಎರಡನೇ ಮಹಾಯುದ್ಧದ ಕೊನೆಯ, 1944-45ರ ಜರ್ಮನ್ ಫೈಟರ್‌ಗಳಾದ ಮೆಸರ್‌ಶ್ಮಿಟ್ 109 ಅಥವಾ ಫೋಕ-ವುಲ್ಫ್ 190 ಎದುರಿಗಿದ್ದರೆ ಬಣ್ಣ ಕಟ್ಟಕಡೆಯ ಕೆಲಸ.

ಹಂತ 1: ವಿಮಾನ ಯಾವುದೆಂದು ಖಚಿತ ಮಾಡಿಕೊಳ್ಳಿ. ಮೂತಿ, ಬಾಲ ನೋಡಿದರೆ ಸಾಕು. (ಫೋಕ-ವುಲ್ಫ್ 190 ರೂಪಿಸಿದ ಕುರ್ಟ್ ಟಾಂಕ್ ಯುದ್ಧ ಮುಗಿದ ಮೇಲೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದರು. ಅವರ ಮಾರುತ್ ಜೆಟ್ 1961ರಲ್ಲಿ ಹಾರಿತು.)

ಹಂತ 2: ಒಡಲಿನ ಶಿಲುಬೆಯ ಆಚೀಚೆ ನೋಡಿ. ಮುಂದೆ ವಿಮಾನದ ಅಂಕಿ, ಹಿಂದೆ ಗ್ರುಪ್ಪೆಯ (ದೊಡ್ಡ ಫೈಟರ್ ಘಟಕದ ಒಂದು ವಿಭಾಗದ) ಗುರುತು. ಸಾಮಾನ್ಯವಾಗಿ ಗುರುತಿಲ್ಲದಿದ್ದರೆ ಒಂದನೆಯ ಗ್ರುಪ್ಪೆ, ಅಡ್ಡಗೆರೆ ಇದ್ದರೆ ಎರಡನೆಯದು, ನಿಂತ ಗೆರೆ ಇದ್ದರೆ ಮೂರನೆಯದು. ಬಾಲದ ಮೇಲಿನ ಸಣ್ಣ ಕಾರ್ಖಾನೆ ಸಂಖ್ಯೆ ಕಂಡರೆ ತಕ್ಷಣ ಬರೆದಿಟ್ಟುಕೊಳ್ಳಿ. ಈ ಸಂಖ್ಯೆಗಳನ್ನು ಕಂತು ಕಂತಾಗಿ ಕಾರ್ಖಾನೆಗಳಿಗೆ ಹಂಚುತ್ತಿದ್ದರು, ಹಾಗಾಗಿ ವಿಮಾನ ಹುಟ್ಟಿದ ಊರು ಅದರಿಂದಲೇ ಸಿಗುತ್ತದೆ.

ಹಂತ 3: ಎಲ್ಲರೂ ಮುಗ್ಗರಿಸುವುದು ಇಲ್ಲಿ. ಅಂಕಿಯ ಬಣ್ಣ ಯಾವುದು? ಗ್ರುಪ್ಪೆಯೊಳಗಿನ ಸಣ್ಣ ತುಕಡಿಯೇ ಸ್ಟಾಫೆಲ್. ಗ್ರುಪ್ಪೆಯ ಮೊದಲ ಸ್ಟಾಫೆಲ್‌ಗೆ ಬಿಳಿ, ಎರಡನೆಯದಕ್ಕೆ ಕೆಂಪು ಇಲ್ಲವೇ ಕಪ್ಪು, ಮೂರನೆಯದಕ್ಕೆ ಹಳದಿ. 1944ರಲ್ಲಿ ನಾಲ್ಕನೆಯದು ಸೇರಿದಾಗ ಅದಕ್ಕೆ ಹೆಚ್ಚಾಗಿ ನೀಲಿ. ಫೋಟೊದಲ್ಲಿ ಅಂಕಿ ಗಾಢವಾಗಿ ಕಂಡಿತೆಂದು "ಕಪ್ಪು 13" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ತಡೆಯಿರಿ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬೆಳಕು ಕಾಣುವುದೇ ಇಲ್ಲ. ಅದರಲ್ಲಿ ಕೆಂಪು ಕಪ್ಪಾಗುತ್ತದೆ, ಹಳದಿಯೂ ಮಂಕಾಗಿ ಗಾಢವಾಗುತ್ತದೆ, ನೀಲಿ ಮಾತ್ರ ತಿಳಿಯಾಗುತ್ತದೆ. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ನಲ್ಲಿ ಅದೇ ಹಳದಿ ಬೆಳ್ಳಗೆ ಹೊಳೆಯುತ್ತದೆ. ಫಿಲ್ಮ್ ಯಾವುದೆಂದು ತಿಳಿಯದೆ ಅಂಕಿಯ ಬಣ್ಣ ಹೇಳುವುದು ಬರೀ ಕಣಿ.

ಫಿಲ್ಮ್ ತಿಳಿಯಲು ಬಣ್ಣ ಗೊತ್ತಿರುವ ಜಾಗವನ್ನು ಅದೇ ಫೋಟೊದಲ್ಲಿ ಹುಡುಕಿ. ನನ್ನ ಮೆಚ್ಚಿನದು ಇಂಧನ ತುಂಬುವ ಬಾಯಿಯ ಬಳಿಯ ಪುಟ್ಟ ತ್ರಿಕೋನ. ಒಳಗೆ ಇಂಧನದ ದರ್ಜೆ, 87 ಅಥವಾ ಸಿ3 ಎಂದಿರುತ್ತದೆ, ಬಣ್ಣ ಹಳದಿ. ಆ ತ್ರಿಕೋನವನ್ನು ಶಿಲುಬೆಯ ಬಿಳಿಯ ಜೊತೆ, ಟೈರಿನ ಕಪ್ಪಿನ ಜೊತೆ ಹೋಲಿಸಿ. ಅದು ಗಾಢವಾಗಿದ್ದರೆ ಫಿಲ್ಮ್ ಹಳದಿಯನ್ನು ನುಂಗಿದೆ, ನಿಮ್ಮ "ಕಪ್ಪು" ಅಂಕಿಯನ್ನೂ ಅನುಮಾನಿಸಿ. ತ್ರಿಕೋನ ಬೆಳ್ಳಗಿದ್ದು ಅಂಕಿ ಗಾಢವಾಗಿದ್ದರೆ ಹಳದಿ ಆಟದಿಂದ ಹೊರಗೆ. ನಾಲ್ಕನೆಯ ಸ್ಟಾಫೆಲ್‌ನ ನೀಲಿಯಲ್ಲ ಎಂದು ಖಚಿತವಾದರೆ, ಉಳಿದದ್ದು ಕೆಂಪೋ ಕಪ್ಪೋ ಎಂದು ರಾತ್ರಿಯೆಲ್ಲ ಜಗಳವಾಡುವವರಿದ್ದಾರೆ. ಎರಡಾದರೂ ಸ್ಟಾಫೆಲ್ ಒಂದೇ ಆಗುವುದರಿಂದ ಘಟಕದ ಗುರುತು ಕೆಡುವುದಿಲ್ಲ. ಫೋಟೊದ ಮರುಮುದ್ರಣಗಳನ್ನಂತೂ ನಂಬಬೇಡಿ. ಪುಸ್ತಕದಿಂದ ಪುಸ್ತಕಕ್ಕೆ ನಕಲಾದಂತೆ ನಡುವಿನ ಬೂದು ಛಾಯೆಗಳೆಲ್ಲ ಸತ್ತುಹೋಗಿರುತ್ತವೆ.

ಹಂತ 4: ಬಾಲದ ಹತ್ತಿರ ಒಡಲನ್ನು ಸುತ್ತಿದ ಪಟ್ಟಿ ಇದೆಯೇ? ಇದು ತಾಯ್ನಾಡಿನ ರಕ್ಷಣೆಗಿದ್ದ ಘಟಕಗಳ ಗುರುತು (ಜೆಜಿ ಎಂದರೆ ದೊಡ್ಡ ಫೈಟರ್ ಘಟಕ): ಜೆಜಿ 27ಕ್ಕೆ ಹಸಿರು, ಜೆಜಿ 53ಕ್ಕೆ ಕಪ್ಪು, ಜೆಜಿ 2ಕ್ಕೆ ಹಳದಿ-ಬಿಳಿ-ಹಳದಿ, ಜೆಜಿ 301ಕ್ಕೆ ಹಳದಿ-ಕೆಂಪು. ತ್ರಿಕೋನದ ಪರೀಕ್ಷೆ ಇಲ್ಲಿಗೂ ಬೇಕು.

ಹಂತ 5: ಈಗ ಕ್ಯಾಮೊಫ್ಲಾಜ್. ಇಲ್ಲಿನ ಅಂಕಿಗಳು ಜರ್ಮನ್ ವಿಮಾನಯಾನ ಸಚಿವಾಲಯದ ಬಣ್ಣ ಸಂಖ್ಯೆಗಳು. ಹಳೆಯ ಜೋಡಿ 74 ಮತ್ತು 75ರ ಬೂದು, ಕೆಳಗೆ 76ರ ತಿಳಿನೀಲಿ. 1944ರಲ್ಲಿ ಬಂದದ್ದು 81ರ ಕಂದು-ನೇರಳೆ ಮತ್ತು ಹಸಿರುಗಳು. ಹೊಸ ಬಣ್ಣಗಳಿಗೆ ವಿಮಾನಯಾನ ಸಚಿವಾಲಯ ಬಣ್ಣದ ಚೀಟಿಯನ್ನೇ ಕಳುಹಿಸಲಿಲ್ಲ, ಹಾಗಾಗಿ ಕಾರ್ಖಾನೆಗೊಂದು ಛಾಯೆ. ರೆಕ್ಕೆ ಒಂದು ಕಡೆ, ಒಡಲು ಇನ್ನೊಂದು ಕಡೆ ತಯಾರಾಗಿ ಬರುತ್ತಿದ್ದವು. ಒಂದೇ ವಿಮಾನದಲ್ಲಿ ಹಳೆಯದೂ ಹೊಸದೂ ಬೆರೆತಿದ್ದರೆ ಗಾಬರಿ ಬೇಡ. ರೆಕ್ಕೆಯ ತಳದಲ್ಲಿ ಬಣ್ಣವಿಲ್ಲದ ಬರೀ ಲೋಹ ಕಂಡರೂ ಸರಿಯೇ. "84" ಎಂದು ಬರೆದ ಬಾಟಲಿಗೆ ಮಾತ್ರ ದುಡ್ಡು ಸುರಿಯಬೇಡಿ. ಹಸಿರು ಬೆರೆತ ತಿಳಿನೀಲಿಗೆ ಅದು ನಂತರದವರು ಇಟ್ಟ ಹೆಸರು. 76ಕ್ಕೆ ಚೂರು ಹಸಿರು, ಚೂರು ಹಳದಿ ಬೆರೆಸಿದರೆ ಆಯಿತು.

ಕೆಳಗಿನಿಂದ ತೆಗೆದ ಫೋಟೊದಲ್ಲಿ ತಳವೆಲ್ಲ ಗಾಢವಾಗಿ, ಅದರ ಮೇಲೆ ಬಿಳಿ ಪಟ್ಟಿಗಳಿದ್ದರೆ ಅದು ಮ್ಯೂನಿಕ್-ರೀಮ್ ವಿಮಾನನೆಲೆಯಲ್ಲಿ ಜೆವಿ 44 ಎಂಬ ಘಟಕದ ಜೆಟ್‌ಗಳನ್ನು ಕಾಯುತ್ತಿದ್ದ ಫೋಕ-ವುಲ್ಫ್ 190 ಡಿ-9 ಇರಬಹುದು. ಕೆಳಗಿದ್ದ ಸ್ವಂತ ಫಿರಂಗಿಯವರೇ ಹೊಡೆದುಹಾಕದಿರಲಿ ಎಂದು ತಳಕ್ಕೆ ಕೆಂಪು ಬಳಿದಿದ್ದರು. ಪಟ್ಟಿಗಳ ಅಗಲ, ಜಾಗ ಒಂದೊಂದು ವಿಮಾನದಲ್ಲಿ ಒಂದೊಂದು ಥರ. ಮಾಸ್ಕಿಂಗ್ ಟೇಪ್ ಹಚ್ಚುವ ಮುನ್ನ ನಿಮ್ಮ ವಿಮಾನದ ಫೋಟೊವನ್ನೇ ನೋಡಿ ಅಳೆದುಕೊಳ್ಳಿ.