ಚಾರ್ಜ್ ಮಾಡಿಟ್ಟರೂ ಮಂಕಾಗುತ್ತಿದ್ದ ಟಾರ್ಚ್

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ನಮ್ಮ ಟಾರ್ಚಿಗೆ ಎರಡು ಎಎ ಸೆಲ್ಲು ಬೇಕು. ಚಾರ್ಜ್ ಮಾಡಿಟ್ಟ ಸೆಲ್ಲು ಕೆಲವೇ ವಾರಗಳಲ್ಲಿ ಸೋತಿರುತ್ತಿತ್ತು. ಒಮ್ಮೆ ಬಳಸಿ ಎಸೆಯುವ ಹೊಸ ಆಲ್ಕಲೈನ್ ಸೆಲ್ಲು ಹಾಕಿದರೆ ಬೆಳಕು ಪ್ರಖರ. ಹಾಗಾಗಿ ಟಾರ್ಚಿನಲ್ಲಿ ದೋಷವಿಲ್ಲ ಎಂಬುದು ಖಚಿತವಾಯಿತು.

ಮತ್ತೆ ಮತ್ತೆ ಚಾರ್ಜ್ ಮಾಡುವ ಸಾಮಾನ್ಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಬಳಸದೆ ಇಟ್ಟರೂ ತಾನಾಗಿಯೇ ಬರಿದಾಗುತ್ತದೆ. ಮೈಮೇಲೆ 2700 ಎಂಎಎಚ್ (ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಎಂದು ಬರೆದಿದ್ದರೂ ಅಷ್ಟೇ. ಅಪರೂಪಕ್ಕೆ ಬಳಸುವ ಟಾರ್ಚಿಗೆ ದೊಡ್ಡ ಸಂಖ್ಯೆಗಿಂತ ತಾಳಿಕೆ ಮುಖ್ಯ. ಆದ್ದರಿಂದ ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಗೆಯ, ಸುಮಾರು 2000 ಎಂಎಎಚ್ ಸೆಲ್ಲು ತಂದೆ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಹೆಸರಿನಲ್ಲಿ ಹೊರತಂದ ಬಗೆ ಇದು. ವರ್ಷ ಕಳೆದರೂ ಬಹುಪಾಲು ಚಾರ್ಜ್ ಉಳಿದಿರುತ್ತದೆ. ಅಂಗಡಿಯಲ್ಲಿ ‘ಪ್ರೀ ಚಾರ್ಜ್ಡ್’ ಎಂದು ಬರೆದ ಪೊಟ್ಟಣ ಕೇಳಿ.

ಚಾರ್ಜರನ್ನೂ ಬದಲಿಸಿದೆ. ಹಳೆಯದು ಸೆಲ್ಲುಗಳನ್ನು ಜೋಡಿಯಾಗಿಯೇ ಚಾರ್ಜ್ ಮಾಡುತ್ತಿತ್ತು. ಒಂದು ಮೊದಲೇ ತುಂಬಿ ಬಿಸಿಯಾದರೆ ಇನ್ನೊಂದು ಅರೆಹೊಟ್ಟೆಯಲ್ಲೇ ಉಳಿಯುತ್ತಿತ್ತು. ಹೊಸದರಲ್ಲಿ ಪ್ರತಿ ಸೆಲ್ಲಿಗೂ ಪ್ರತ್ಯೇಕ ದೀಪವಿದೆ, ತುಂಬಿದ ಸೆಲ್ಲಿಗೆ ಚಾರ್ಜರೇ ವಿದ್ಯುತ್ ನಿಲ್ಲಿಸುತ್ತದೆ. ದುಡ್ಡು ಉಳಿಸಲೇಬೇಕೆಂದರೆ ಸೆಲ್ಲಿನಲ್ಲಿ ಉಳಿಸಿ, ಚಾರ್ಜರಿನಲ್ಲಿ ಬೇಡ.

ಚಾರ್ಜ್ ಮಾಡುವ ಈ ಸೆಲ್ಲಿನ 1.2 ವೋಲ್ಟ್ ಟಾರ್ಚಿಗೆ ಸಾಲದೆಂಬ ಭಯವೂ ಬೇಡ. ಆಲ್ಕಲೈನ್ ಸೆಲ್ಲು 1.5ರಿಂದ ಇಳಿಯುತ್ತಲೇ ಹೋಗುತ್ತದೆ; ಇದು ಬಹುತೇಕ ಕೊನೆಯವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಅದೇ ಗಾತ್ರದ 14500 ಲಿಥಿಯಂ ಸೆಲ್ಲನ್ನು ಮಾತ್ರ ಹಾಕಬೇಡಿ. ಅದು 3.7 ವೋಲ್ಟಿನದು, ಟಾರ್ಚ್ ಸುಟ್ಟುಹೋಗಬಹುದು.