ಇಳಕಲ್ ಸೀರೆ ಅಂಗಡಿಯವರು ಫೋನಿನಲ್ಲಿ ಗಿರಾಕಿ ಹಿಡಿಯುವುದು ಹೇಗೆ

ಸೀರೆ ಅಂಗಡಿಗೆ ಬಂದು ಕೂತ ಗಿರಾಕಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಇದು ಕೈಮಗ್ಗದ್ದೋ ಪವರ್‌ಲೂಮಿನದೋ? ಸೆರಗು ರೇಷ್ಮೆಯೋ ಚಮಕಾವೋ (ಕೃತಕ ರೇಷ್ಮೆಯೋ)? ಬಣ್ಣ ಬಿಡುತ್ತಾ? ಬ್ಲೌಸ್ ಪೀಸ್ ಇದೆಯಾ? ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಹಾಕಬೇಕಾದ್ದು ಇವುಗಳ ಉತ್ತರವನ್ನೇ. ಹದಿನೈದು ದಿನ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಗಿರಾಕಿ ಕೇಳಿದ ಪ್ರತಿ ಪ್ರಶ್ನೆಯನ್ನೂ ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಒಂದು ಪ್ರಶ್ನೆಗೆ ಒಂದು ವಿಡಿಯೊ ಅಂದರೂ ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ಸರಕು ಸಿಗುತ್ತದೆ. ಹೂವಿನ ಚಿತ್ರದ ಶುಭೋದಯ ಮಾತ್ರ ಬೇಡ. ದಿನಾ ಅದೇ ಬಂದರೆ ಜನ ನಿಮ್ಮನ್ನು ಮ್ಯೂಟ್ ಮಾಡುತ್ತಾರೆ, ಆಮೇಲೆ ಹೊಸ ಸೀರೆ ಬಂದ ಸುದ್ದಿಯೂ ಅವರನ್ನು ಮುಟ್ಟುವುದಿಲ್ಲ.

ಮೊದಲ ವಿಡಿಯೊ: ಸೆರಗಿನ ತೆನಿ

ಇಳಕಲ್ ಸೀರೆಯ ಗುರುತೇ ಟೋಪ ತೆನಿ ಸೆರಗು. ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ ತಯಾರಾಗುತ್ತದೆ. ಎರಡರ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಸೇರಿಸಿ ಮಗ್ಗದ ಮೇಲೆ ಜೋಡಿಸುತ್ತಾರೆ. ಹಾಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಸಿದ್ಧಮಾಡಬೇಕು. ಬೆಲೆ ಯಾಕೆ ಇಷ್ಟು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ, ಆದರೂ ಬಹಳ ಅಂಗಡಿಯವರು ಇದನ್ನು ತೋರಿಸುವುದೇ ಇಲ್ಲ.

ಫೋನನ್ನು ನೆಟ್ಟಗೆ ಹಿಡಿಯಿರಿ. ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಒಂದು ಗೇಣು ದೂರದಿಂದ ತೋರಿಸುತ್ತಲೇ ವಿಡಿಯೊ ಶುರುವಾಗಲಿ. ಅಂಗಡಿಯ ಬೋರ್ಡು, ನಮಸ್ಕಾರ, ಸ್ವಾಗತ ಎಂದು ಮೊದಲ ಐದು ಸೆಕೆಂಡು ಕಳೆದರೆ ನೋಡುವವರ ಬೆರಳು ಮುಂದಿನ ವಿಡಿಯೊಗೆ ಹೋಗಿರುತ್ತದೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಎಳೆ ಎಷ್ಟು ಸಣ್ಣ ಎಂಬುದು ತಿಳಿಯುತ್ತದೆ. ಆಮೇಲೆ ಸೀರೆ ತಿರುಗಿಸಿ ಹಿಂಬದಿ ತೋರಿಸಿ. ಒಟ್ಟು 25ರಿಂದ 30 ಸೆಕೆಂಡು ಸಾಕು. ಆಡುವ ಮಾತನ್ನು ತೆರೆಯ ಮೇಲೂ ಕನ್ನಡದಲ್ಲಿ ಬರೆಯಿರಿ, ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರು ಬಹಳ ಜನ. ಸಿನಿಮಾ ಹಾಡು ಹಾಕಬೇಡಿ. ವ್ಯಾಪಾರದ ಖಾತೆಗೆ ಅದರ ಹಕ್ಕು ಇರುವುದಿಲ್ಲ, ಸದ್ದು ತೆಗೆದುಹಾಕುವುದೂ ಉಂಟು. ಮಗ್ಗದ ಸದ್ದೇ ಇರಲಿ.

ಬಣ್ಣ

ಆನ್‌ಲೈನಿನಲ್ಲಿ ಮಾರಿದ ಸೀರೆ ವಾಪಸ್ ಬರುವುದಕ್ಕೆ ದೊಡ್ಡ ಕಾರಣ ಇದು. ಇಳಕಲ್‌ನ ಕೆಂಪು ಸೆರಗು ಫೋನ್ ಕ್ಯಾಮೆರಾಕ್ಕೆ ಕಷ್ಟ: ಕೆಂಪು ತುಂಬಿ ಬಂದಾಗ ಎಳೆಯ ವಿವರ ಅಳಿಸಿಹೋಗಿ ಬಣ್ಣದ ಮುದ್ದೆಯಂತೆ ಕಾಣುತ್ತದೆ. ಸೆರಗಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಸೆರಗಿನ ಗೋಪುರ ವಿನ್ಯಾಸದ ಬಿಳಿ ಸಾಲುಗಳು ಬಿಡಿಬಿಡಿಯಾಗಿ ಕಾಣುವ ತನಕ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಫೋಟೊ ತೆಗೆಯಿರಿ. ಅಂಗಡಿಯ ದೀಪಗಳನ್ನು ಆರಿಸಿಬಿಡಿ, ಹಗಲ ಬೆಳಕೂ ದೀಪದ ಬೆಳಕೂ ಬೆರೆತರೆ ದಾಳಿಂಬೆ ಬಣ್ಣ ಒಂದು ಕಡೆ ಇಟ್ಟಿಗೆಯಂತೆ, ಒಂದು ಕಡೆ ನೇರಳೆಯಂತೆ ಬರುತ್ತದೆ. ಮೂಲೆಯಲ್ಲಿ ಬಿಳಿ ಹಾಳೆ ಇಡಿ. ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಸುಳ್ಳೇ. ಫಿಲ್ಟರ್ ಬೇಡವೇ ಬೇಡ.

ಒಂದು ಸೀರೆಗೆ ನಾಲ್ಕು ಫೋಟೊ: ಪೂರ್ತಿ ಸೆರಗು, ದಡಿ (ಅಂಚು) ಹತ್ತಿರದಿಂದ, ಒಡಲು, ಹಿಂಬದಿ. ಕೆಳಗೆ ದಡಿಯ ಹೆಸರು ಬರೆಯಿರಿ, ಗೋಮಿಯೋ ಗಾಯತ್ರಿಯೋ ಚಿಕ್ಕಿ ಪರಾಸವೋ. ಹೆಸರು ಹಿಡಿದು ಹುಡುಕುವವರೇ ನಿಜವಾದ ಗಿರಾಕಿ. ನೂಲು ಯಾವುದು, ಉದ್ದ ಎಷ್ಟು, ಬ್ಲೌಸ್ ಇದೆಯೋ ಇಲ್ಲವೋ, ಬೆಲೆ ಎಷ್ಟು, ಎಲ್ಲವೂ ಅಲ್ಲೇ ಇರಲಿ. ‘ಬೆಲೆಗೆ ಮೆಸೇಜ್ ಮಾಡಿ’ ಎಂದರೆ ಕೇಳಲು ಸಂಕೋಚಪಡುವವರು ಸುಮ್ಮನೆ ಹೊರಟುಹೋಗುತ್ತಾರೆ. ಪವರ್‌ಲೂಮಿನದ್ದಾದರೆ ಪವರ್‌ಲೂಮ್ ಎಂದೇ ಬರೆಯಿರಿ. ಅದನ್ನು ಕೈಮಗ್ಗದ್ದು ಎನ್ನುವುದು ನೇಕಾರರ ಹೊಟ್ಟೆಯ ಮೇಲೆ ಹೊಡೆಯುವ ಸುಳ್ಳು, ಇದನ್ನು ಯಾವ ಕಾರಣಕ್ಕೂ ಆಡಬೇಡಿ. ಕೈಮಗ್ಗದ ಸೀರೆಗೆ ಹ್ಯಾಂಡ್‌ಲೂಮ್ ಮಾರ್ಕ್, ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಅದನ್ನೂ ಫೋಟೊದಲ್ಲಿ ತೋರಿಸಿ.

ವಾಟ್ಸಾಪ್ ಬಿಸಿನೆಸ್

ವ್ಯಾಪಾರಕ್ಕೆ ಬೇರೆ ನಂಬರ್ ಇಟ್ಟುಕೊಳ್ಳಿ. ಆ್ಯಪ್ ಉಚಿತ. ಕ್ಯಾಟಲಾಗ್‌ನಲ್ಲಿ 500 ಸೀರೆ ಹಾಕಬಹುದು. ಆದರೆ ಮಾರಿಹೋದದ್ದನ್ನು ಅದೇ ದಿನ ತೆಗೆಯಲಾಗದಿದ್ದರೆ 40ಕ್ಕೇ ನಿಲ್ಲಿಸಿ. ಇಲ್ಲದ ಸೀರೆಗೆ ಆಸೆಪಟ್ಟವರು ಎರಡನೇ ಸಲ ಕೇಳುವುದಿಲ್ಲ.

ಒಂದೇ ಸಂದೇಶವನ್ನು ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಹಿಡಿಸುತ್ತಾರೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ‘ಕಳಿಸಿದರೂ ಯಾರೂ ಉತ್ತರಿಸುತ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಬಿಲ್ ಕೊಡುವಾಗಲೇ ‘ಅಕ್ಕಾರೆ, ನಮ್ಮ ನಂಬರ್ ಸೇವ್ ಮಾಡ್ಕೋರಿ, ಹೊಸಾ ಮಾಲು ಬಂದಾಗ ಫೋಟೊ ಹಾಕ್ತೀವಿ’ ಎಂದು ಕೇಳಿ. ಬೇಡ ಎಂದವರನ್ನು ಪಟ್ಟಿಗೆ ಸೇರಿಸಬೇಡಿ. ಸ್ಪ್ಯಾಮ್ ಎಂದು ಹಲವರು ದೂರಿದರೆ ನಂಬರೇ ಬ್ಲಾಕ್ ಆಗಬಹುದು. ವಾರಕ್ಕೆ ಒಂದು ಸಂದೇಶ, ಹೆಚ್ಚೆಂದರೆ ಎರಡು.

ಕ್ವಿಕ್ ರಿಪ್ಲೈನಲ್ಲಿ ತೊಳೆಯುವ ಕ್ರಮ, ಅಂಚೆ ಖರ್ಚು, ಅಂಗಡಿಯ ವಿಳಾಸ ಬರೆದಿಟ್ಟರೆ, ಒಂದು ಓರೆಗೆರೆ (/) ಒತ್ತಿದರೆ ಉತ್ತರ ಸಿದ್ಧ. ಗಿರಾಕಿಗಳನ್ನು ವಿಂಗಡಿಸುವ ಲೇಬಲ್ ಮೂರು ಸಾಕು: ಕೇಳಿದವರು, ಹಣ ಕೊಟ್ಟವರು, ಪಾರ್ಸಲ್ ಹೋದವರು.

ಹಣ ಬಂದ ಸ್ಕ್ರೀನ್‌ಶಾಟ್ ನಂಬಿ ಸೀರೆ ಕಳಿಸಬೇಡಿ, ಅದನ್ನು ನಕಲಿ ಮಾಡುವುದು ಸುಲಭ. ಖಾತೆಗೆ ಜಮೆ ಆಗಿದೆಯೇ ಎಂದು ಬ್ಯಾಂಕ್ ಆ್ಯಪ್‌ನಲ್ಲೇ ನೋಡಿ. ಹಣ ಪಡೆಯುವವರು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ.

ಕಾಮೆಂಟಿನಲ್ಲಿ ‘ಬಣ್ಣ ಬಿಟ್ಟಿತು’ ಎಂದು ಯಾರಾದರೂ ಬರೆದರೆ ಅಳಿಸಬೇಡಿ. ಅಲ್ಲೇ, ಎಲ್ಲರಿಗೂ ಕಾಣುವಂತೆ, ಎರಡು ಸಾಲು ಸಾಕು: ‘ತೊಂದರೆಯಾಗಿದ್ದಕ್ಕೆ ಕ್ಷಮಿಸಿ. ಫೋಟೊ ವಾಟ್ಸಾಪ್ ಮಾಡಿ, ಇವತ್ತೇ ನೋಡುತ್ತೇವೆ.’ ವಾದವನ್ನು ಅಲ್ಲಿ ಬೆಳೆಸಬೇಡಿ. ಬಗೆಹರಿದ ಮೇಲೆ ಅದೇ ಕಾಮೆಂಟಿನ ಕೆಳಗೆ ಏನು ಮಾಡಿದಿರಿ ಎಂದು ಬರೆಯಿರಿ, ಉಳಿದವರು ಓದುವುದು ಅದನ್ನೇ.

ಹಬ್ಬದ ಲೆಕ್ಕ

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಅವರಿಗೆ ಸೀರೆ ಕೊಡುವ ರೂಢಿ ಉತ್ತರ ಕರ್ನಾಟಕದ ತುಂಬ ಇದೆ. ಹಬ್ಬದ ಹಿಂದಿನ ವಾರ ಪೋಸ್ಟ್ ಹಾಕಿದರೆ ಬೆಂಗಳೂರಿನವರಿಗೂ ಪಾರ್ಸಲ್ ಮುಟ್ಟಿಸುವುದು ಕಷ್ಟ. ನಾಲ್ಕು ವಾರ ಮೊದಲೇ ಶುರುಮಾಡಿ. ಹೊರದೇಶದ ಕನ್ನಡ ಸಂಘಗಳವರು ರಾಜ್ಯೋತ್ಸವಕ್ಕೆ ಸೀರೆ ಕೇಳುತ್ತಾರೆ. ಅವರಿಗೆ ಸೆಪ್ಟೆಂಬರ್ ಮೊದಲ ವಾರವೇ ಫೋಟೊ ಹೋಗಿರಬೇಕು, ವಿಡಿಯೊ ಕಾಲ್‌ಗೆ ಅವರ ಊರಿನ ಗಡಿಯಾರ ನೋಡಿ ಹೊತ್ತು ಗೊತ್ತುಮಾಡಬೇಕು.