ಹಾಲುಜ್ವರ: ಕ್ಯಾಲ್ಸಿಯಂ ಬಾಟಲಿ ಹಿಡಿದಾಗ ಅವಸರ ಬೇಡ

'ನಿನ್ನೆ ಕರು ಹಾಕಿದೆ, ಇವತ್ತು ಏಳ್ತಾನೇ ಇಲ್ಲ ಸಾರ್' ಎಂಬ ಕರೆ ಬಂದರೆ, ಹೊಸದಾಗಿ ಸೇವೆಗೆ ಸೇರಿದ ಪಶುವೈದ್ಯರು ಮೊದಲು ಥರ್ಮಾಮೀಟರ್ ತೆಗೆಯಿರಿ. ಮೈ, ಕಿವಿ ತಣ್ಣಗಿದ್ದು, ಕತ್ತನ್ನು ಪಕ್ಕೆಗೆ ಹೊರಳಿಸಿ ಮಂಕಾಗಿ ಮಲಗಿದ್ದರೆ ಹಾಲುಜ್ವರವೇ (ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ರೋಗ) ಇರಬಹುದು. ಆದರೂ ನಾಲ್ಕೂ ಮೊಲೆ ಹಿಂಡಿ ನೋಡದೆ ನಾನು ಸೂಜಿ ಮುಟ್ಟುವುದಿಲ್ಲ. ತೀವ್ರ ಕೆಚ್ಚಲುಬಾವಿನ ನಂಜೇರಿದ ಹಸುವೂ ಹೀಗೇ ಮಲಗಿರುತ್ತದೆ. ಅದರ ಹೃದಯ ರಕ್ತನಾಳಕ್ಕೆ ಕೊಟ್ಟ ಕ್ಯಾಲ್ಸಿಯಂ ತಾಳದೆ ಹೋಗಬಹುದು.

ಕ್ಯಾಲ್ಸಿಯಂ ಕೊಡುವ ಮೊದಲೇ ರಕ್ತದ ಮಾದರಿ ತೆಗೆದಿಡಿ. ಬಾಟಲಿಯನ್ನು ಬಿಸಿನೀರಲ್ಲಿಟ್ಟು ಮೈಬಿಸಿಗೆ ತನ್ನಿ. ಹಸುವನ್ನು ಎದೆಯ ಮೇಲೆ ಕೂರಿಸಿ, ಪಕ್ಕಕ್ಕೆ ಹುಲ್ಲಿನ ಮೂಟೆ ಆನಿಸಿ. 450 ಮಿ.ಲೀ. ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ರಕ್ತನಾಳಕ್ಕೆ ಇಳಿಯಲು 10ರಿಂದ 20 ನಿಮಿಷ ಬೇಕು. ಮನೆಯವರು 'ಬೇಗ ಬಿಡಿ' ಎನ್ನುತ್ತಾರೆ, ಕಿವಿಗೊಡಬೇಡಿ. ನಿಮ್ಮ ಕಿವಿ ಸ್ಟೆತಸ್ಕೋಪಿನಲ್ಲಿರಲಿ, ಉದ್ದಕ್ಕೂ. ಬಡಿತ ತಪ್ಪಿದರೆ, ಏಕಾಏಕಿ ನಿಧಾನವಾದರೆ, ತಕ್ಷಣ ನಿಲ್ಲಿಸಿ. ಲಯ ಸರಿಯಾದ ಮೇಲೆ ಇನ್ನೂ ನಿಧಾನವಾಗಿ ಬಿಡಿ, ಇಲ್ಲವೇ ಉಳಿದದ್ದನ್ನು ಚರ್ಮದಡಿಗೆ ಕೊಡಿ.

ಪಕ್ಕೆಯ ಸ್ನಾಯು ಅದುರಿ, ತೇಗು ಬಂದು, ಸಗಣಿ ಹಾಕಿತೆಂದರೆ ನನಗೆ ಎಲ್ಲಿಲ್ಲದ ಖುಷಿ; ಚೇತರಿಕೆಯ ಗುರುತು ಅದು.

ಹಸು ನುಂಗುವಷ್ಟು ಚೇತರಿಸುವವರೆಗೆ ಬಾಯಿಗೆ ಏನೂ ಹೊಯ್ಯಬಾರದೆಂದು ಮನೆಯ ಹೆಂಗಸರಿಗೇ ಹೇಳಿ, ಆರೈಕೆ ಅವರದ್ದೇ. ಮೊದಲ ದಿನ ಕೆಚ್ಚಲು ಬರಿದಾಗುವಂತೆ ಕರೆಯುವುದೂ ಬೇಡ. ಮತ್ತೆ ಬೀಳುವುದುಂಟು, ಮರುದಿನ ಒಮ್ಮೆ ಹೋಗಿ ನೋಡಿ.